ಬೇಲಿಯಾಚೆಯ ಒಂದಡಿ

ಮೂರನೆಯ ಸಲ ಅಳೆದರೂ ಒಂದಡಿ ಕಮ್ಮಿಯೇ ಬಂತು.

ಹೊಲಿಗೆಯಕ್ಕ ಮಂಡಿ ಒರೆಸಿಕೊಂಡು ಎದ್ದಳು. ಮನೆಪತ್ರದ ಪ್ರಕಾರ ಹಿತ್ತಿಲಿನ ಅಗಲ ನಲವತ್ತು ಅಡಿ. ಐದಡಿಯ ಟೇಪನ್ನು ಸರಿಯಾಗಿ ಎಂಟು ಸಲ ಹಾಸಬೇಕು. ಎಂಟನೆಯ ಸಲ ಟೇಪು ಮುಗಿಯುವ ಮೊದಲೇ ಪಕ್ಕದ ಮನೆಯ ತಂತಿಬೇಲಿ ಎದುರಾಗುತ್ತಿತ್ತು. ಬೇಲಿಯಾಚೆ ಟೀಚರ್ ನೆಟ್ಟ ಗುಲಾಬಿಗಳು ಮೈದುಂಬಿ ನಿಂತಿದ್ದವು. ಈಚೆಗೂ ಅದೇ ಬಿಸಿಲು, ಅದೇ ನೀರು. ಆದರೂ ಇವಳ ಮೂರು ಗಿಡಗಳು ಮುಖ ಸಿಂಡರಿಸಿಕೊಂಡಿದ್ದವು.

ಈಗ ಗುಟ್ಟು ತಿಳಿಯಿತು. ಕದ್ದ ಮಣ್ಣಿನಲ್ಲಿ ಹೂ ಬಿಡದೆ ಇರುತ್ತದೆಯೇ?

ಲೆಕ್ಕದ ಟೀಚರ್ ನಿವೃತ್ತಳಾಗಿ ಆ ಮನೆಗೆ ಬಂದು ಇನ್ನೂ ಎರಡೇ ವರ್ಷ. ಅಷ್ಟರಲ್ಲೇ ಬೀದಿಯೆಲ್ಲ ಅವಳ ಗೇಟಿಗೆ ಜೋತುಬಿದ್ದಿತ್ತು. ಹೊಲಿಗೆಯಕ್ಕನ ಗಂಡನೂ ಪೇಪರು ಓದಲು ಅಲ್ಲಿಗೇ ಹೋಗುತ್ತಿದ್ದ. ಅಂಗಿಗೆ ಅಳತೆ ಕೊಡಲು ಬಂದವರೂ ಕತ್ತು ತಿರುಗಿಸಿ, "ಆಹಾ, ಎಷ್ಟು ಚೆಂದ ಹೂ!" ಎನ್ನುವವರೇ. ಇಪ್ಪತ್ತೆರಡು ವರ್ಷ ಒಂದೇ ಟೇಪಿನಲ್ಲಿ ಬೀದಿಯವರ ಮೈ ಅಳೆದು, ಅದೇ ಟೇಪಿನಲ್ಲಿ ಬಟ್ಟೆ ಕತ್ತರಿಸಿದವಳು ಇವಳು. ಒಂದು ಅಂಗಿಯೂ ತಿರುಗಿ ಬಂದಿರಲಿಲ್ಲ. ಅದಕ್ಕೆ ಯಾರೂ ಆಹಾ ಎಂದಿರಲಿಲ್ಲ.

ಗಿರಾಕಿಗಳು ನೋಡುತ್ತಿರುವಾಗಲೇ ಟೀಚರನ್ನು ಬೇಲಿಯ ಬಳಿ ಕರೆದಳು.

"ಒಂದಡಿ ಜಾಗ ನುಂಗಿದ್ದೀರಲ್ಲ ಟೀಚರ್, ಜೀರ್ಣ ಆಯ್ತಾ?"

ಟೀಚರ್ ಟೇಪಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದಳು. "ಇದರಲ್ಲೇ ಅಳೆದ್ರಾ ಅಕ್ಕ?"

"ಮತ್ತೆ? ನಿಮ್ಮ ಹಾಗೆ ಕಣ್ಣಳತೆನಾ? ಇದು ತಪ್ಪು ಅಂದ್ರೆ ಇವತ್ತೇ ಅಂಗಡಿ ಮುಚ್ತೀನಿ!"

ಟೀಚರ್ ಗಿರಾಕಿಗಳ ಕಡೆ ಒಮ್ಮೆ ನೋಡಿದಳು. ತಲೆ ತಗ್ಗಿಸಿದಳು.

"ತಪ್ಪು ನನ್ನದೇ ಅಂತ ಇಟ್ಕೊಳ್ಳಿ."

ಎರಡು ದಿನದಲ್ಲಿ ಬೇಲಿ ಆಚೆಗೆ ಸರಿಯಿತು. ಅದಕ್ಕಾಗಿ ಟೀಚರ್ ಐದು ಗುಲಾಬಿ ಗಿಡ ಕೀಳಬೇಕಾಯಿತು. ಹೊಲಿಗೆಯಕ್ಕ ಮತ್ತೆ ಅಳೆದಳು. ಸರಿಯಾಗಿ ಎಂಟು ಟೇಪು, ನೂಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಕಳ್ಳಿ ಒಪ್ಪಿಕೊಂಡಂತಾಯಿತು.

ಆ ಸಂತೋಷ ಸಂಜೆಯವರೆಗೂ ಉಳಿಯಲಿಲ್ಲ.

"ಒಂದು ಮಾತಾಡದೆ ಬಿಟ್ಕೊಟ್ರಲ್ಲ, ಏನು ದೊಡ್ಡ ಮನಸ್ಸು ಕಣೇ ಅವರದು!" ಎಂದ ಗಂಡ. ಗಿರಾಕಿಗಳದೂ ಅದೇ ರಾಗ. ಹೊಲಿಗೆಯಕ್ಕನಿಗೆ ತಡೆಯಲಾಗಲಿಲ್ಲ. ಕದ್ದವಳಿಗೆ ಹೊಗಳಿಕೆಯೇ? ಈಗಿನ ಬೇಲಿಯೇ ಸರಿ ಎಂದು ಸರ್ವೇಯರ್ ಬರೆದುಕೊಟ್ಟರೆ, ಹಿಂದಿನದು ಕಳ್ಳತನವೆಂದು ತಾನೇ ಅರ್ಥ? ಕಾಗದಕ್ಕಾದರೂ ಬೀದಿ ಕಿವಿಗೊಡಲಿ.

ಸರ್ವೇಯರ್ ಬಂದ ದಿನ ಹಿತ್ತಿಲ ತುಂಬ ಜನ. ಅವಳೇ ಕರೆದಿದ್ದಳು. ಅವನು ಉಕ್ಕಿನ ಟೇಪು ಎಳೆದ. ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ಎಳೆದ.

"ನಲವತ್ತೊಂದು ಅಡಿ. ಟೀಚರಮ್ಮ, ನಿಮ್ಮದೇ ಒಂದಡಿ ಇವರ ಕಡೆ ಬಂದಿದೆಯಲ್ಲ?"



"ಬೇಲಿ ಸರಿಸುವಾಗ ನಾನೇ ಲೆಕ್ಕ ತಪ್ಪಿರಬೇಕು," ಎಂದಳು ಟೀಚರ್, ಎಲ್ಲರಿಗೂ ಕೇಳುವಂತೆ.

"ಲೆಕ್ಕದ ಟೀಚರೇ ಲೆಕ್ಕ ತಪ್ಪಿದ್ರಾ!" ಎಂದು ಯಾರೋ ಕೂಗಿದರು. ಹಿತ್ತಿಲೆಲ್ಲ ಟೀಚರನ್ನು ನೋಡಿ ನಕ್ಕಿತು. ಅವಳೂ ನಕ್ಕಳು.

ಜನ ಚದುರಿದ ಮೇಲೆ ಟೀಚರ್ ಬೇಲಿಯ ಹತ್ತಿರ ಬಂದಳು. ದನಿ ತಂತಿ ದಾಟಿ ಒಬ್ಬಳಿಗೇ ಕೇಳುವಷ್ಟಿತ್ತು.

"ಬಟ್ಟೆಯ ಟೇಪು ಅಕ್ಕ, ಎಳೆದೆಳೆದು ಉದ್ದ ಆಗಿದೆ. ನಿಜವಾದ ನಲವತ್ತಡಿ ಅದರಲ್ಲಿ ಮೂವತ್ತೊಂಬತ್ತೇ ಬರುತ್ತೆ. ಮೈಗೂ ಅದೇ, ಬಟ್ಟೆಗೂ ಅದೇ, ಅಂಗಿಗೇನೂ ಆಗಲ್ಲ. ಆದ್ರೆ ಗಿರಾಕಿಗಳ ಎದುರು ಅದನ್ನ ಹೇಗೆ ಹೇಳೋದು? ನಿಮ್ಮ ಟೇಪಿನಲ್ಲೇ ನಲವತ್ತು ತುಂಬ್ಲಿ ಅಂತ ನಾನೇ ಒಂದಡಿ ಸರಿದೆ."