ಆಕ್ಷೇಪಣೆ ಇಲ್ಲ

"ಅಣೆಕಟ್ಟಿಗೆ ಗುಡ್ಡ ಬಿಟ್ಟುಕೊಡೋಕೆ ಯಾರದಾದ್ರೂ ತಕರಾರು ಇದೆಯಾ ಅಂತ ಮತ್ತೆ ಮತ್ತೆ ಕೇಳಿದೆ ಸ್ವಾಮಿ. ಒಬ್ಬರೂ ಬಾಯಿ ಬಿಡಲಿಲ್ಲ," ಎಂದರು ಯೋಜನೆಯ ಅಧಿಕಾರಿ, ಕಟಕಟೆಯಲ್ಲಿ ನಿಂತು. ಅವರು ಹೇಳಿದ್ದು ಸುಳ್ಳಲ್ಲ. ಊರಿನ ಪರ ನಿಂತ ವಕೀಲಮ್ಮನಿಗೆ ಅದೇ ತಲೆನೋವು.

ಗುಡ್ಡ ಒಬ್ಬರ ಸ್ವತ್ತಲ್ಲ, ಇಡೀ ಊರಿನದು. ಊರು ಒಪ್ಪದೆ ಸರ್ಕಾರ ಅದನ್ನು ಮುಟ್ಟುವಂತಿಲ್ಲ ಎಂದು ಕಾನೂನೇ ಹೇಳುತ್ತದೆ. ಆದರೆ ಆ ಜನ ಬಂದವರ ಮುಖಕ್ಕೆ ಬೇಡ ಎಂದು ಜನ್ಮದಲ್ಲಿ ಅಂದವರಲ್ಲ. ಒಪ್ಪಿಗೆಯಿದ್ದರೆ ಎಲ್ಲರೂ ಗಟ್ಟಿಯಾಗಿ 'ಆಗಲಿ' ಅನ್ನುತ್ತಾರೆ. ಇಲ್ಲದಿದ್ದರೆ ಸುಮ್ಮನೆ ಕೂರುತ್ತಾರೆ, ಬಂದವರೇ ತಿಳಿದುಕೊಳ್ಳಬೇಕು. ಅಧಿಕಾರಿ ತಿಳಿದುಕೊಳ್ಳಲಿಲ್ಲ, ಆಕ್ಷೇಪಣೆ ಇಲ್ಲ ಎಂದು ಬರೆದುಕೊಂಡು ಬಂದರು.

ಬೆಳಗ್ಗೆ ಕೋರ್ಟಿನ ವರಾಂಡದಲ್ಲಿ ವಕೀಲಮ್ಮ ಊರಿನ ಹಿರಿಯಳನ್ನು ಕೂರಿಸಿಕೊಂಡು ಗಿಳಿಗೆ ಕಲಿಸಿದಂತೆ ಕಲಿಸಿದ್ದಳು.

"ಜಡ್ಜು ಕೇಳಿದ್ರೆ ಬೇಡ ಅನ್ನಿ ದೊಡ್ಡಮ್ಮ. ಒಂದೇ ಮಾತು."

"ಅಷ್ಟು ದೊಡ್ಡವರ ಮುಖಕ್ಕಾ? ನಿಮ್ಮಮ್ಮ ನಿಂಗೆ ಇದನ್ನೇನಾ ಕಲಿಸಿದ್ದು?"

ಈಗ ದೊಡ್ಡಮ್ಮ ಕಟಕಟೆ ಹತ್ತಿದಳು. ವಕೀಲಮ್ಮ ಊರಿನ ಪದ್ಧತಿಯನ್ನು ವಿವರಿಸಿದಳು. "ಕೇಸಿಗೋಸ್ಕರ ಹೆಣೆದ ಕಥೆ ಸ್ವಾಮಿ," ಎಂದು ಸರ್ಕಾರಿ ವಕೀಲರು ನಕ್ಕರು.

ನ್ಯಾಯಾಧೀಶರು ಕನ್ನಡಕ ತೆಗೆದು ಹಿಂದಿನ ಬೆಂಚುಗಳ ಕಡೆ ನೋಡಿದರು. ಗುಡ್ಡದ ಜನವೆಲ್ಲ ಅಲ್ಲಿ ಒತ್ತಿಕೊಂಡು ಕೂತಿತ್ತು.

"ಸೆಕೆ ಜಾಸ್ತಿ ಆಯ್ತು. ಕಿಟಕಿ ತೆಗೆಸ್ಲಾ?"

"ಆಗಲಿ!" ಬಾಗಿಲಲ್ಲಿ ತೂಕಡಿಸುತ್ತಿದ್ದ ಜವಾನ ಬೆಚ್ಚಿಬಿದ್ದ.

"ಬೇಗ ಊಟಕ್ಕೆ ಬಿಡ್ಲಾ?"

"ಆಗಲಿ!" ಈ ಸಲ ಸರ್ಕಾರಿ ವಕೀಲರ ದನಿಯೂ ಅದರಲ್ಲಿ ಸೇರಿತ್ತು.

"ಗುಡ್ಡ ಅಣೆಕಟ್ಟಿಗೆ ಕೊಡ್ಲಾ?"

ಗುಜುಗುಜು ನಿಂತಿತು. ರಗಳೆ ಮಾಡುತ್ತಿದ್ದ ಮಗುವನ್ನು ತಾಯಿ ಎದೆಗೊತ್ತಿಕೊಂಡಳು. ಒಂದೇ ಒಂದು ಸಲ ಬಾಯಿ ಬಿಡು ದೊಡ್ಡಮ್ಮ ಎಂದು ವಕೀಲಮ್ಮ ಮನಸ್ಸಿನಲ್ಲೇ ಅಂಗಲಾಚಿದಳು. ಗುಡ್ಡ ಹೋದರೆ ಈ ಜನ ದಿಕ್ಕಾಪಾಲಾಗುತ್ತಾರೆ ಎಂದು ಅವಳಿಗೆ ಗೊತ್ತು. ದೊಡ್ಡಮ್ಮ ತಲೆ ತಗ್ಗಿಸಿದಳು. ಜಡ್ಜಿನಂಥ ದೊಡ್ಡ ಮನುಷ್ಯರು ಬಾಯಿಬಿಟ್ಟು ಕೇಳಿದರೂ ಬರಿಗೈಲಿ ಕಳಿಸಬೇಕಾಯಿತಲ್ಲ ಎಂದು ಅವಳಿಗೆ ನಾಚಿಕೆಯಾಗಿತ್ತು.

ಬೆರಳಚ್ಚುಗಾರ ಕೈ ಎತ್ತಿಕೊಂಡೇ ಕೂತಿದ್ದ. "ಏನಂತ ಹೊಡೀಲಿ ಸ್ವಾಮಿ? ಉತ್ತರ ಬರಲೇ ಇಲ್ಲ."

"ಬಂತಲ್ಲ," ಎಂದರು ನ್ಯಾಯಾಧೀಶರು. "ಇಷ್ಟು ಜನ ಒಟ್ಟಿಗೆ ಬೇಡ ಅಂದಿದ್ದನ್ನ ಈ ಕುರ್ಚಿಯಲ್ಲಿ ಕೂತು ನಾನು ಕೇಳಿದ್ದು ಇದೇ ಮೊದಲು. ಹೊಡೀರಿ."