ಕೆಮ್ಮದ ಎಂಜಿನ್

"ಬೇಡ ಅಂದ್ನಲ್ಲ ಹಿಲ್ಕ, ಹಳೇ ಪ್ಲಗ್ಗೇ ಇರ್ಲಿ," ಎಂದು ಓಸ್ಮೊ ಸ್ಪಾರ್ಕ್ ಪ್ಲಗ್ಗುಗಳ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡ.

ಹಿಲ್ಕ ಅದನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು.

ಬಿಡಿಭಾಗದ ಅಂಗಡಿಯವನೇ ಗಿರಾಕಿಗೆ ಸಾಮಾನು ಕೊಡಲು ಒಲ್ಲೆನೆನ್ನುವುದು ಆ ಊರಿನಲ್ಲಿ ಹಿಂದೆ ನಡೆದದ್ದಿಲ್ಲ. ಆದರೆ ಓಸ್ಮೊ ಅವಳ ಗಂಡ ಆರ್ವಿಯ ಗೆಳೆಯ. ಆರ್ವಿ ತೀರಿಕೊಂಡ ಮೇಲೆ ಅವನು ಕೈಯಾರೆ ಕಟ್ಟಿದ ಹಸಿರು ಕಾರು ಹೇಗೆ ಕೈತಪ್ಪಿತೆಂದು ಕಣ್ಣಾರೆ ಕಂಡವನು.

ಜಲ್ಲಿ ಹಾದಿಯಲ್ಲಿ ನಡೆಯುವ ಭಾನುವಾರದ ಕಾರು ಓಟಕ್ಕೆ ಒಂದು ನಿಯಮವಿತ್ತು. ಯಾರೂ ಕಾರಿನ ಮೇಲೆ ವಿಪರೀತ ದುಡ್ಡು ಸುರಿಯಬಾರದೆಂದು ಮಾಡಿದ್ದು. ಓಟ ಮುಗಿದ ಮೇಲೆ ಪ್ರತಿ ಓಟಗಾರ ಬೇರೆಯವರ ಯಾವುದಾದರೂ ಒಂದು ಕಾರಿಗೆ ಒಂದು ಚೀಟಿ ಹಾಕಬಹುದು. ಬೆಲೆ ಎಲ್ಲ ಕಾರಿಗೂ ಒಂದೇ, ಎರಡು ಸಾವಿರ ಯೂರೊ. ಯಾರ ಚೀಟಿ ಎದ್ದಿತೋ ಕಾರು ಅವರದು. ಕೊಡುವುದಿಲ್ಲವೆಂದರೆ ಮತ್ತೆಂದೂ ಓಡಿಸುವಂತಿಲ್ಲ.

ಎರಡು ಬೇಸಿಗೆಯ ಹಿಂದೆ ಹಿಲ್ಕ ಹಸಿರು ಕಾರನ್ನು ಓಡಿಸಿ ಗೆದ್ದಿದ್ದಳು. ಅವತ್ತೇ ತೌನೊನ ಚೀಟಿ ಎದ್ದಿತು. ಹೆಂಗಸಿಗೆ ಸೋಲುವುದನ್ನು ತೌನೊ ಸಹಿಸುವವನಲ್ಲ. ಅವನಿಗೆ ಆರು ಜನ ಗೆಳೆಯರು, ಎಲ್ಲರೂ ಓಟಗಾರರೇ; ಕಾರು ಕೈಬಿಡದಂತೆ ತಮ್ಮ ಚೀಟಿಗಳನ್ನು ಅವರು ಅದಕ್ಕೇ ಹಾಕುತ್ತಿದ್ದರು. ಹೋದ ಬೇಸಿಗೆಯಲ್ಲಿ ಹಿಲ್ಕ ಐದು ಸಲ ಹಸಿರು ಕಾರಿಗೆ ಚೀಟಿ ಹಾಕಿದಳು. ಐದು ಸಲವೂ ಆ ಆರು ಜನರಲ್ಲಿ ಒಬ್ಬನ ಹೆಸರೇ ಬಂತು. ಕಾರು ಪ್ರತಿ ಸಲವೂ ಸಂಜೆಗೆ ತೌನೊನ ಮನೆಗೇ ವಾಪಸು ಸೇರಿತು. ಆಮೇಲೆ ಅವಳು ಹಸಿರು ಕಾರಿನ ಮಾತನ್ನೇ ಬಿಟ್ಟಳು. ಚಳಿಗಾಲವಿಡೀ ಕೊಟ್ಟಿಗೆಯಲ್ಲಿ ಒಬ್ಬಳೇ ಕೂತು ಹಳದಿ ಕಾರೊಂದನ್ನು ಕಟ್ಟಿದಳು.

"ಹಳೇ ಪ್ಲಗ್‌ನಲ್ಲಿ ಓಡ್ಸು," ಎಂದ ಓಸ್ಮೊ. "ಒಂದು ಸಿಲಿಂಡರ್ ಕೆಮ್ಮಲಿ. ಆರನೇದೋ ಏಳನೇದೋ ಬಾ. ಕೆಮ್ಮೋ ಕಾರಿಗೆ ಯಾರೂ ಚೀಟಿ ಹಾಕಲ್ಲ. ಗೆದ್ಯೋ, ಇದೂ ಹೋಯ್ತು ಅಂತ್ಲೇ ತಿಳ್ಕೊ."

"ಬೇಕಂತಲೇ ಸೋಲೋದಕ್ಕೆ ಆ ಚಳೀಲಿ ಕೂತಿದ್ನಾ ನಾನು?"

ಓಸ್ಮೊ ಕಪಾಟಿನಿಂದ ದುಬಾರಿ ಇರಿಡಿಯಂ ಪ್ಲಗ್ಗುಗಳನ್ನು ತೆಗೆದಿಟ್ಟ. ಅವಳು ಅವನ್ನು ಬದಿಗೆ ಸರಿಸಿದಳು.

"ಹಳೇ ಎಂಜಿನ್‌ಗೆ ತಾಮ್ರದ್ದೇ ಸಾಕು. ಆದ್ರೆ ಒಂದು ಮೆಟ್ಟಿಲು ತಣ್ಣಗಿನದು ಕೊಡು. ಓಟದ ಕಾವಿಗೆ ಮಾಮೂಲಿದು ತಡೆಯಲ್ಲ."

"ವಯರು?"

"ಅದೂ ಬೇಕು. ಹಳೇದು ಬಿರುಕು ಬಿಟ್ಟಿದೆ. ಒದ್ದೆ ಆದ್ರೆ ಕಿಡಿ ಪ್ಲಗ್ ಮುಟ್ಟೋ ಮುಂಚೇನೇ ಹೊರಗೆ ಹಾರುತ್ತೆ."

ಅವಳು ಜೇಬಿನಿಂದ ಐದು ತುಂಡು ದಾರ ತೆಗೆದಳು. ಎಂಜಿನ್ನಿನ ಮೇಲೆ ಹಿಡಿದು ಅಳೆದು ತಂದವು, ನಾಲ್ಕು ಪ್ಲಗ್ಗುಗಳಿಗೆ, ಒಂದು ಕಾಯಿಲಿಗೆ. ಒಂದೊಂದು ದಾರದ ಪಕ್ಕಕ್ಕೂ ಒಂದೊಂದು ಸಿಲಿಕೋನ್ ವಯರನ್ನು ಇಟ್ಟು ನೋಡಿದಳು. ಉದ್ದವಾದರೆ ಬಿಸಿ ಕೊಳವೆಗೆ ತಾಗುತ್ತದೆ, ಗಿಡ್ಡವಾದರೆ ಕುಲುಕಾಟಕ್ಕೆ ಕಳಚಿಕೊಳ್ಳುತ್ತದೆ. ನಾಲ್ಕನೆಯದನ್ನು ಮೂರು ಸಲ ಬದಲಿಸಿದಳು.

ಬಾಗಿಲು ತೆರೆಯಿತು. ತೌನೊ ಒಳಗೆ ಬಂದು ಪ್ಲಗ್ಗುಗಳನ್ನು ನೋಡಿ ನಕ್ಕ.

"ಏನ್ ಹಿಲ್ಕಮ್ಮ, ನನ್ ಹೊಸಾ ಕಾರಿಗೆ ಪ್ಲಗ್ ಆರಿಸ್ತಿದ್ದೀಯಾ?"

"ಹೌದು. ಅದಕ್ಕೇ ಒಳ್ಳೇದು ನೋಡ್ತಿದ್ದೀನಿ."

ಓಸ್ಮೊ ತಲೆ ತಗ್ಗಿಸಿದ.

"ಬಾಯಿ ಜೋರಾಗಿದೆ," ಎಂದ ತೌನೊ. "ನನ್ ಜೊತೆಗೆ ಆರು ಜನ ಇದ್ದಾರೆ, ನೆನಪಿದೆ ತಾನೇ?"

"ಚೆನ್ನಾಗಿ ನೆನಪಿದೆ. ನಾಳೆ ಎಲ್ರನ್ನೂ ಕರ್ಕೊಂಡು ಬಾ. ಒಬ್ನೂ ತಪ್ಪಿಸ್ಕೋಬಾರ್ದು."

ಅವನು ಹೋದ ಮೇಲೆ ಹಿಲ್ಕ ನಾಲ್ಕೂ ಪ್ಲಗ್ಗುಗಳ ತುದಿಯ ಸಂದನ್ನು ತೆಳು ತಗಡಿನಿಂದ ಅಳೆದಳು. ಒಂದನ್ನು ಬಹಳ ಮೆಲ್ಲಗೆ ತಟ್ಟಿ ಸರಿಮಾಡಿದಳು.

"ಯಾಕೆ ಹಟ?" ಎಂದ ಓಸ್ಮೊ ಕೊನೆಗೆ. "ಆರ್ವಿ ಇದ್ದಿದ್ರೆ ಬೇಡ ಅಂತಿದ್ದ."

"ಆರ್ವಿ ಇದ್ದಿದ್ರೆ ವಯರಿನ ಉದ್ದ ನೋಡಿ ಬೈತಿದ್ದ, ಅಷ್ಟೇ."

ಮಾರನೆಯ ದಿನ ಮಧ್ಯಾಹ್ನ ಸೋನೆ ಮಳೆ. ಅರ್ಧಕ್ಕರ್ಧ ಕಾರುಗಳು ತೊದಲಿದವು. ಹಳದಿ ಕಾರು ಮಾತ್ರ ಒಂದೇ ಉಸಿರಿನಲ್ಲಿ ಓಡಿತು. ಸಾಸೇಜು ಸುಡುತ್ತಿದ್ದವರು ಇಕ್ಕಳ ಹಿಡಿದುಕೊಂಡೇ ತಿರುಗಿ ನೋಡಿದರು. ಕೊನೆಯ ಸುತ್ತಿನ ಕೆಸರು ತಿರುವಿನಲ್ಲಿ ಹಿಲ್ಕ ಹಸಿರು ಕಾರನ್ನು ಹಿಂದೆ ಹಾಕಿದಳು. ತೌನೊ ಎರಡನೆಯವನಾದ.

ಕಾರಿನಿಂದ ಇಳಿದವನೇ ಅವನು ಗೆಳೆಯರನ್ನು ಕರೆದ. "ಎಲ್ಲಾ ಬರ್ರೋ! ಇವತ್ತು ಅವ್ಳು ನಡ್ಕೊಂಡೇ ಮನೆಗೆ ಹೋಗ್ಬೇಕು!" ಆರು ಜನರೂ ಚೀಟಿ ಬರೆದರು. ತೌನೊನೂ ಬರೆದ. ಅಂಥ ಎಂಜಿನ್ ಸದ್ದು ಕೇಳಿದ ಮೇಲೆ ಉಳಿದವರೂ ಸುಮ್ಮನಿರಲಿಲ್ಲ. ಸಾಲಿನ ಕೊನೆಯಲ್ಲಿ ಹಿಲ್ಕ ನಿಂತಿದ್ದಳು. ಅವಳ ಕಡೆಗೆ ಯಾರೂ ನೋಡಲಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಐಲಿ ಚೀಟಿಗಳನ್ನು ವಿಂಗಡಿಸಿದಳು. ಹಳದಿ ಕಾರಿಗೆ ಹದಿನೇಳು. ಒಂದನ್ನು ಎತ್ತಿದಳು. ತೌನೊನ ಗೆಳೆಯ ಸೆಪ್ಪೊನ ಹೆಸರು.

ಆರೂ ಜನ ಕೇಕೆ ಹಾಕಿದರು. ದುಡ್ಡು ಕೊಟ್ಟವನು ತೌನೊ. ಲಕೋಟೆಯನ್ನು ಹಿಲ್ಕಳ ಅಂಗೈಗೆ ಬಡಿದು, "ಪ್ಲಗ್ ಚೆನ್ನಾಗಿ ಆರಿಸಿದ್ದೆ ತಾಯಿ, ಥ್ಯಾಂಕ್ಸ್," ಎಂದ.

ಓಸ್ಮೊ ಬೇಲಿಯ ಆಚೆ ಮುಖ ತಿರುಗಿಸಿಕೊಂಡು ನಿಂತಿದ್ದ.

"ಎಲ್ಲಿಗ್ರೋ, ಇನ್ನೂ ಮುಗಿದಿಲ್ಲ," ಎಂದಳು ಐಲಿ. "ಹಸಿರು ಕಾರಿಗೂ ಚೀಟಿ ಬಿದ್ದಿದೆ."

ತೌನೊ ಗೆಳೆಯರ ಮುಖ ನೋಡಿದ. ಗೆಳೆಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಒಂದೇ ಒಂದು. ಎತ್ತೋ ಕೆಲ್ಸಾನೇ ಇಲ್ಲ."

ಹಿಲ್ಕ ಲಕೋಟೆಯನ್ನು ಬಿಚ್ಚಿಯೂ ನೋಡದೆ ತೌನೊನ ಕೈಗೆ ವಾಪಸು ಇಟ್ಟು, ಆರ್ವಿಯ ಕಾರಿನ ಕೀಲಿಗಾಗಿ ಕೈ ಚಾಚಿದಳು.