ಗುಂಡನ ಶೇಕ್‌ಹ್ಯಾಂಡ್

"ಹಿಡಿ!"

ಅಪರ್ಣ ಕೂಗಿದ್ದೇ ತಡ, ಗುಂಡ ಹಾರಿ ಹುಲ್ಲಿನ ಬೊಂಬೆಯ ತೋಳು ಕಚ್ಚಿ ಎಳೆಯಿತು. ಬೊಂಬೆಗೆ ತೊಡಿಸಿದ್ದ ಬಿಳಿ ಕೋಟು ಚಿಂದಿಯಾಯಿತು. ಗುಬ್ಬಿಯ ಆ ಹಿತ್ತಲಿನಲ್ಲಿ ಹಾಳಾದ ಕೋಟು ಇದೊಂದೇ ಅಲ್ಲ.

ಇಷ್ಟಾದರೂ ನಾಯಿ ಸದ್ದು ಮಾಡಲಿಲ್ಲ. ಔಷಧಿ ಪರೀಕ್ಷಿಸುವ ಲ್ಯಾಬಿನಲ್ಲಿ, ಬೊಗಳಿದರೆ ತೊಂದರೆ ಎಂದು ಅದರ ಧ್ವನಿತಂತುವನ್ನೇ ಕತ್ತರಿಸಿದ್ದರು. ಕೆಲಸ ಮುಗಿದ ಮೇಲೆ, ಯಾರಾದರೂ ಸಾಕಿಕೊಳ್ಳಲಿ ಎಂದು ಕೊಟ್ಟುಬಿಟ್ಟರು. ಕಿವಿಯೊಳಗೆ ಹಚ್ಚೆ ಹಾಕಿದ ನಂಬರು ಹಾಗೇ ಇತ್ತು.

ಕತ್ತರಿಸಿದವನು ಯಾರೆಂದು ಅಪರ್ಣ ಪತ್ತೆ ಹಚ್ಚಿದ್ದಳು. ಡಾಕ್ಟರ್ ಚನ್ನವೀರಯ್ಯ. ಲ್ಯಾಬಿನಿಂದ ನಿವೃತ್ತನಾಗಿ ಈಗ ತುಮಕೂರಿನಲ್ಲಿ ಸಾಕುನಾಯಿಗಳ ಕ್ಲಿನಿಕ್ ಇಟ್ಟಿದ್ದಾನೆ. ನಾಚಿಕೆಗೆಟ್ಟವನು!

"ಪಾಪದ್ದು ಕಣೇ, ಅದಕ್ಯಾಕೆ ಕಚ್ಚೋದು ಕಲಿಸ್ತೀಯ?" ಈಳಿಗೆಗೆ ಕುಯ್ದುಕೊಂಡ ಬೆರಳಿಗೆ ಸ್ಪಿರಿಟ್ ಹಚ್ಚುತ್ತಾ ಅಮ್ಮ ತುಳಸಮ್ಮ ಗೊಣಗಿದಳು. ಗುಂಡ ಅವಳೆದುರು ಬಂದು ಕುಳಿತು ಮುಂದಿನ ಎಡಗಾಲು ಚಾಚಿತು. ನಾಚಿಕೊಂಡಂತೆ ಮುಖ ಆಚೆ ತಿರುಗಿಸಿತು. ತುಳಸಮ್ಮ ಕಾಲು ಹಿಡಿದು ಕುಲುಕಿದಳು. "ನೋಡೇ, ಶೇಕ್‌ಹ್ಯಾಂಡ್! ಇದನ್ನ ಯಾರೂ ಕಲಿಸ್ಲೇ ಇಲ್ಲ."

"ಕಚ್ಚೋದು ನಾನು ಕಲಿಸಿದೀನಿ, ಬಿಡಮ್ಮ. ಆ ಡಾಕ್ಟರ್ ಕೈ ಇನ್ಮೇಲೆ ಕತ್ತರಿ ಹಿಡೀಬಾರ್ದು."

ಮರುದಿನ ಅಪರ್ಣ ಗುಂಡನನ್ನು ಸ್ಕೂಟರಿನ ಮುಂದೆ ಕೂರಿಸಿಕೊಂಡು ತುಮಕೂರಿಗೆ ಹೊರಟಳು. ಕ್ಲಿನಿಕ್ಕಿನಲ್ಲಿ ಬೇರೆ ಯಾರೂ ಇರಲಿಲ್ಲ. ಬಿಳಿ ಕೋಟಿನ ಚನ್ನವೀರಯ್ಯ ಹತ್ತಿಗೆ ಸ್ಪಿರಿಟ್ ಸುರಿದು ಕೈ ಒರೆಸಿಕೊಳ್ಳುತ್ತಿದ್ದ.

"ಬಾಮ್ಮ. ಏನಾಗಿದೆ ಇವ್ನಿಗೆ?"

"ಬೊಗಳಲ್ಲ ಸಾರ್."

"ಒಳ್ಳೇದೇ ಆಯ್ತಲ್ಲ! ಅಕ್ಕಪಕ್ಕದೋರಿಗೆ ಕಾಟ ಇಲ್ಲ."

ಅವನು ನಕ್ಕ. ಅಪರ್ಣಳ ಮೈಯೆಲ್ಲ ಉರಿದುಹೋಯಿತು. ಚೈನು ಬಿಟ್ಟಳು.

"ಹಿಡಿ!"

ಗುಂಡ ನೇರ ಬಿಳಿ ಕೋಟಿನತ್ತ ನಡೆಯಿತು. ಅದರ ಮುಂದೆ ಕುಳಿತು ಎಡಗಾಲು ಚಾಚಿತು. ಮುಖ ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಂಡಿತು.

"ಹಿಡಿಯೋ ಗುಂಡಾ!" ಅವಳಿಗೆ ಅಳು ಬಂತು. ಚಾಚಿದ ಕಾಲು ಅಲ್ಲಾಡಲಿಲ್ಲ.

ಚನ್ನವೀರಯ್ಯ ಬಗ್ಗಿ ಕಿವಿ ಮಡಿಸಿ ನಂಬರು ನೋಡಿದ. ಅವನ ಹೆಬ್ಬೆರಳು ತಾನಾಗಿ ಆ ಕಾಲಿನ ರಕ್ತನಾಳವನ್ನು ಒತ್ತಿ ಉಬ್ಬಿಸಿತು.

"ಓ, ನಮ್ಮ ಲ್ಯಾಬಿನ ನಾಯಿ! ಇನ್ನೂ ಮರೆತಿಲ್ಲ ನೋಡಮ್ಮ. ಸ್ಪಿರಿಟ್ ವಾಸನೆ ಬಂದ್ರೆ ಸಾಕು, ಸೂಜಿ ಚುಚ್ಚೋಕೆ ತಾನೇ ಕಾಲು ಕೊಡುತ್ತೆ."

ಒಂದು ವರ್ಷದಿಂದ ಅಮ್ಮನೂ ಅವಳೂ ನಕ್ಕು ನಕ್ಕು ಕುಲುಕಿದ್ದು ಆ ಕಾಲನ್ನೇ.